ಓಲ್ಡಮ್‌ನಲ್ಲಿ ಹೇಳಿದ ಮುಕ್ಕಾಲು ಮಗ್ಗಿ

ಈ ಕಥೆಯನ್ನು ಹೇಳಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುವುದು ಒಳ್ಳೆಯದು. ಗಿಟಾರಿನ ಸಂಗೀತದ ಗಂಧಗಾಳಿ ಇಲ್ಲದ ಕೈಯಿಂದ ಇದು ಬರುತ್ತಿದೆ. ತಿಳಿದವರು ಓದಿದರೆ ಒಂದೆರಡು ಕಡೆ ನಗಬಹುದು. ಅದಕ್ಕಿಂತ ದೊಡ್ಡ ಅಳುಕೆಂದರೆ ಇದು ಇನ್ನೊಬ್ಬರ ಮನೆಯ ಮಾತು. ಆದರೆ ಆ ಮನೆಯ ಶಾಲಿನಿಯೇ, ‘ಹೇಳೋದಾದ್ರೆ ಹೇಳಿ, ಇಲ್ಲದ್ದು ಮಾತ್ರ ಸೇರಿಸಬೇಡಿ’ ಎಂದಿದ್ದಾಳೆ. ಸೇರಿಸದೆ ಹೇಳುವ ಪ್ರಯತ್ನ ಇದು. ಎಲ್ಲಾದರೂ ಕೈ ಜಾರಿದ್ದರೆ ಆ ತಪ್ಪು ಅವಳದಲ್ಲ.

ಶಾಲಿನಿ ಹುಟ್ಟಿದ್ದು ದಾವಣಗೆರೆ, ಈಗಿರುವುದು ಸಿಡ್ನಿಯ ಗಿರಾವೀನ್. ವಯಸ್ಸು ಐವತ್ತೇಳು. ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಡಾಕ್ಟರು ಬರೆದುಕೊಟ್ಟದ್ದನ್ನು ಓದಿ, ಮತ್ತೆ ಓದಿ, ಆದರೂ ಸಮಾಧಾನವಾಗದೆ ಫೋನು ಮಾಡಿ ಕೇಳುವ ಜಾಯಮಾನ. ಗಂಡ ಸುದರ್ಶನ್ ಮೈಸೂರಿನವನು. ಒಬ್ಬಳೇ ಮಗಳು ಸಾನ್ವಿ, ಊರೊಳಗೆ ನ್ಯೂಟೌನ್‌ನಲ್ಲಿ ಗೆಳತಿಯರ ಜೊತೆ ರೆಂಟಿನ ಮನೆಯಲ್ಲಿದ್ದಾಳೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತಾಳೆ. ಬರುವಾಗ ವಾರದ ಮಾಸಿದ ಬಟ್ಟೆಯನ್ನೂ ತರುತ್ತಾಳೆ.

ಆ ಭಾನುವಾರ ಬಟ್ಟೆಯ ಚೀಲದ ಜೊತೆ ಒಂದು ಎಲ್‌ಪಿ ರೆಕಾರ್ಡೂ ಬಂದಿತ್ತು. ಈಗಿನ ಮಕ್ಕಳಿಗೆ ಮತ್ತೆ ರೆಕಾರ್ಡಿನ ಹುಚ್ಚು. ಪೆಟ್ಟಿಗೆಯಂತೆ ಮುಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗುವ ಪ್ಲೇಯರೊಂದನ್ನು ಸಾನ್ವಿ ಅಮ್ಮನ ಮನೆಯಲ್ಲೇ ಬಿಟ್ಟಿದ್ದಳು. ರೆಕಾರ್ಡಿನ ಹೊದಿಕೆಯ ಮೇಲೆ ನೇರಳೆ ಬಣ್ಣದ ಮರಗಳು, ಮರಗಳಿಗೆ ಹಣ್ಣಿನ ಬದಲು ಲಾಟೀನುಗಳು, ಕೆಳಗೆ ಉದ್ದ ಕೂದಲಿನ ನಾಲ್ಕು ಹುಡುಗರು. ತಂಡದ ಹೆಸರು ಟಿನ್ ಆರ್ಚರ್ಡ್. ಇಂಗ್ಲೆಂಡಿನ ಓಲ್ಡಮ್ ಎಂಬ ಗಿರಣಿ ಊರಿನವರು. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಈ ಒಂದೇ ರೆಕಾರ್ಡು ಮಾಡಿ, ಅದು ಯಾರಿಗೂ ಬೇಡವಾಗಿ, ತಂಡ ಚದುರಿಹೋಗಿತ್ತು. ಈಗ ಯಾರೋ ಆಸಕ್ತರು ಹಳೆಯ ಟೇಪು ಹುಡುಕಿ, ತೊಳೆದು ಬಳಿದು ಮತ್ತೆ ಹೊರಗೆ ತಂದಿದ್ದರು.

ಶಾಲಿನಿ ಅಡುಗೆಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದಳು. ಮಗಳು ಹಾಲ್‌ನಲ್ಲಿ ಹಾಕಿದ್ದ ರೆಕಾರ್ಡಿನ ಗದ್ದಲಕ್ಕೆ ಕಿವಿಗೊಟ್ಟಿರಲಿಲ್ಲ. ಗದ್ದಲ ನಿಧಾನವಾಗಿ ಇಳಿದು, ಯಾವುದೋ ತಂತಿಯ ಗುಂಯ್ ಎನ್ನುವ ನಾದ ಮಾತ್ರ ಉಳಿಯಿತು. ಅದರ ಮೇಲೆ ಒಬ್ಬ ಗಂಡಸಿನ ದನಿ, ರಾಗವಾಗಿ:

‘ಒಂದು ಮುಕ್ಕಾಲು ಮುಕ್ಕಾಲು, ಎರಡು ಮುಕ್ಕಾಲು ಒಂದೂವರೆ, ಮೂರು ಮುಕ್ಕಾಲು ಎರಡೂಕಾಲು, ನಾಲ್ಕು ಮುಕ್ಕಾಲು ಮೂರು...’

‘ಐದು ಮುಕ್ಕಾಲು ಮೂರೂಮುಕ್ಕಾಲು’ ಎಂದು ಶಾಲಿನಿಯ ಬಾಯಿ ತಾನಾಗಿ ಮುಂದುವರಿಸಿತು. ಹೇಳಿಯಾದ ಮೇಲೇ ಅವಳಿಗೆ ಗೊತ್ತಾದದ್ದು. ಸೌಟು ಹಿಡಿದುಕೊಂಡೇ ಹಾಲಿಗೆ ಬಂದಳು.

‘ಅಮ್ಮಾ, ವೇಟ್. ನಿಂಗೆ ಈ ಮಂತ್ರ ಗೊತ್ತಾ?’ ಎಂದಳು ಸಾನ್ವಿ.

‘ಮಂತ್ರ ಅಲ್ವೇ ಅದು. ಮಗ್ಗಿ. ಮುಕ್ಕಾಲು ಮಗ್ಗಿ.’

‘ಮ್ಯಾಗಿ? ಲೈಕ್, ನೂಡಲ್ಸ್?’

‘ಥ್ರೀ ಕ್ವಾರ್ಟರ್ಸ್ ಟೇಬಲ್ ಕಣೇ. ನಿನ್ನ ಅಜ್ಜಿ ಉರು ಹೊಡೆಸಿದ್ದು ನಂಗೆ. ಸ್ಕೂಲಲ್ಲಿ ಬಿಟ್ಟಿದ್ರೂ ಅಮ್ಮ ಬಿಡ್ಲಿಲ್ಲ.’

ಸಾನ್ವಿ ಬಿದ್ದು ಬಿದ್ದು ನಕ್ಕಳು. ಹೊದಿಕೆಯ ಹಿಂಬದಿ ತೋರಿಸಿದಳು. ಆ ಹಾಡಿನ ಹೆಸರು ‘ಎ ಬ್ರಾಹ್ಮಿನ್ ಅಟ್ ಡಾನ್’, ಅಂದರೆ ಬೆಳಗಿನ ಜಾವದ ಬ್ರಾಹ್ಮಣ. ಒಳಗಿನ ಹಾಳೆಯಲ್ಲಿ ಅದಕ್ಕೊಂದು ವಿವರಣೆ: ಡ್ರಮ್ಮು ಬಾರಿಸುವವನ ತಾಯಿ ಓಲ್ಡಮ್‌ನಲ್ಲಿ ಬಾಡಿಗೆ ಕೋಣೆಗಳ ಮನೆ ನಡೆಸುತ್ತಿದ್ದಳು. ಮೇಲಿನ ಕೋಣೆಯಲ್ಲಿ ಗಿರಣಿಯ ಕೆಲಸ ಕಲಿಯಲು ಬಂದ ಭಾರತದ ಒಬ್ಬ ಯುವಕ ಇದ್ದ. ಹುಡುಗರು ಪವಿತ್ರ ಮಂತ್ರವೊಂದನ್ನು ಹೇಳಬೇಕೆಂದು ಕೇಳಿಕೊಂಡಾಗ, ಆತ ತುಂಬ ಹೊತ್ತು ಯೋಚಿಸಿ, ಇದನ್ನು ಹೇಳಿದ. ಹೆಸರು ಯಾರಿಗೂ ನೆನಪಿಲ್ಲ. ತಿಳಿದವರು ದಯವಿಟ್ಟು ಬರೆಯಬೇಕು. ಎರಡನೆಯ ಮುದ್ರಣದಲ್ಲಿ ಹೆಸರು ಹಾಕುತ್ತೇವೆ.

ಶಾಲಿನಿ ನಗಲಿಲ್ಲ. ಸೌಟು ಟೀಪಾಯಿಯ ಮೇಲಿಟ್ಟು ಸೋಫಾದ ತುದಿಯಲ್ಲಿ ಕುಳಿತಳು. ಅಡುಗೆಮನೆಯಲ್ಲಿ ಒಗ್ಗರಣೆ ಸೀದ ವಾಸನೆ ಬಂದು ಸುದರ್ಶನ್ ಓಡಿಹೋಗಿ ಒಲೆ ಆರಿಸಿದ.

ಅವಳ ತಂದೆ ಮರಿಯಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು. ಹೊಸ ಮಗ್ಗಗಳ ಕೆಲಸ ಕಲಿತು ಬರಲೆಂದು ಗಿರಣಿಯವರು ಅವರನ್ನು ಓಲ್ಡಮ್‌ಗೆ ಕಳಿಸಿದ್ದರು. ಅವರು ಅಲ್ಲಿದ್ದಾಗಲೇ ಇಲ್ಲಿ ಶಾಲಿನಿ ಹುಟ್ಟಿದ್ದು. ಮುಂದಿನ ವರ್ಷ ಊರಿಗೆ ಬಂದರು. ಮಗಳಿಗೆ ಮೂರು ತುಂಬುವ ಹೊತ್ತಿಗೆ ಕಾಮಾಲೆಯಾಗಿ ತೀರಿಕೊಂಡರು. ಉಳಿದದ್ದು ಎರಡು ಫೋಟೋ: ಒಂದು ಮದುವೆಯದು, ಇನ್ನೊಂದರಲ್ಲಿ ದೊಡ್ಡ ಕೋಟಿನೊಳಗೆ ಸಣಕಲು ಮನುಷ್ಯ, ಇಟ್ಟಿಗೆ ಮನೆಯೊಂದರ ಮೆಟ್ಟಿಲ ಮೇಲೆ, ಚಳಿಗೆ ಭುಜ ಎತ್ತಿಕೊಂಡು ನಿಂತಿದ್ದಾರೆ. ಮುಖ ಗೊತ್ತಿತ್ತು. ದನಿ ಹೇಗಿತ್ತೆಂದು ಶಾಲಿನಿಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಎಲ್ಲಾದರೂ ಗಂಡಸರು ‘ಮಗಳೇ’ ಎಂದು ಕರೆದರೆ, ಇದೇ ಥರ ಇದ್ದಿರಬಹುದೇ ಎಂದು ಒಂದು ಕ್ಷಣ ನಿಂತು ಕೇಳುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಅದನ್ನು ಬಿಟ್ಟಿದ್ದಳು. ಬಿಟ್ಟಿದ್ದೇನೆ ಅಂದುಕೊಂಡಿದ್ದಳು.

‘ಇನ್ನೊಂದ್ಸಲ ಹಾಕು’ ಎಂದಳು ಮಗಳಿಗೆ.

ಸಂಜೆಯವರೆಗೆ ಅದೇ ಹಾಡು. ಸಾನ್ವಿಯ ಬಟ್ಟೆ ಮೆಷಿನ್ನಿನಲ್ಲೇ ಒದ್ದೆಯಾಗಿ ಉಳಿಯಿತು. ಸುದರ್ಶನ್ ಹೆಂಡತಿಯ ಪಕ್ಕ ಬಂದು ಕುಳಿತು ಮೆಲ್ಲಗೆ ಹೇಳಿದ: ‘ಶಾಲೂ, ಅವತ್ತು ಮಿಲ್ಲಿಂದ ಹೋಗಿದ್ದು ನಿಮ್ಮಪ್ಪ ಒಬ್ರೇ ಅಲ್ಲ ಅಂತ ಅತ್ತೆ ಹೇಳ್ತಿದ್ರಲ್ಲ.’

‘ಮೂರು ಜನ. ಕೊಟ್ರೇಶಪ್ಪ, ಹಾಲಪ್ಪ, ಅಪ್ಪ.’

‘ಮತ್ತೆ? ಮೂವರಿಗೂ ಮಗ್ಗಿ ಬರ್ತಿತ್ತು.’

‘ಗೊತ್ತು ರೀ’ ಎಂದಳು. ಗೊತ್ತಿರುವುದೇ ಅವಳ ಕಷ್ಟವಾಗಿತ್ತು. ಆ ಇಬ್ಬರೂ ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಮನೆಯವರ ಸುಳಿವು ಸಿಗಲಿಲ್ಲ. ರೆಕಾರ್ಡಿನವರಿಗೆ ಇಮೇಲ್ ಬರೆದಳು. ಮರ್ಯಾದೆಯ ಉತ್ತರ ಬಂತು. ತಂಡದಲ್ಲಿ ಈಗ ಬದುಕಿರುವವರು ಇಬ್ಬರು. ಶಾಲಿನಿ ಕಳಿಸಿದ ಫೋಟೋ ನೋಡಿ ಅವರಿಗೆ ಗುರುತು ಸಿಗಲಿಲ್ಲ. ನೆನಪಿರುವುದು ಒಂದೇ, ಆ ಯುವಕ ಮನೆಯೊಳಗೂ ಕೈಗವಸು ಹಾಕಿಕೊಂಡೇ ಇರುತ್ತಿದ್ದ. ಎರಡನೆಯ ಮುದ್ರಣ ಮುಂದಿನ ತಿಂಗಳು; ಅಷ್ಟರೊಳಗೆ ಖಚಿತವಾದರೆ ತಿಳಿಸಿ.

ಖಚಿತವಾಗಿ ಹೇಳಬಲ್ಲವರು ಪ್ರಪಂಚದಲ್ಲಿ ಒಬ್ಬರೇ ಉಳಿದಿದ್ದರು.

ಶಾಲಿನಿಯ ತಾಯಿ ಅನುಸೂಯಮ್ಮ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿದ್ದಾರೆ. ಗಂಡ ಹೋದ ಮೇಲೆ ಟೀಚರ್ ಟ್ರೈನಿಂಗ್ ಮಾಡಿ, ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ, ಮಗಳ ಹಿಂದೆ ಮೆಲ್ಬರ್ನ್‌ಗೆ ಬಂದವರು. ಮಗಳು ಅಳಿಯ ಕೆಲಸಕ್ಕಾಗಿ ಸಿಡ್ನಿಗೆ ಹೊರಟಾಗ ಅವರು ಅಲ್ಲಾಡಲಿಲ್ಲ. ‘ನಮ್ಮ ಟ್ರೈನು ಇಲ್ಲೇ ಹುಟ್ಟೋದು. ಯಾವಾಗ ಹೋದ್ರೂ ಸೀಟು ಸಿಗ್ತೈತೆ. ನಿಮ್ಮ ಸಿಡ್ನಿಯಾಗೆ ನಿಂತ್ಕಂಡು ಸಾಯ್ಬೇಕು’ ಎಂಬುದು ಅವರು ಕೊಟ್ಟ ಕಾರಣ. ನಿಜವಾದ ಕಾರಣ ಪಕ್ಕದ ಯೂನಿಟ್ಟಿನ ನೀಲಕ್ಕ. ಹುಬ್ಬಳ್ಳಿಯ ನೀಲಕ್ಕನಿಗೂ ಇವರಿಗೂ ದಿನಕ್ಕೊಂದು ಜಗಳವಾಗದಿದ್ದರೆ ಊಟ ಸೇರುವುದಿಲ್ಲ.

ಶಾಲಿನಿ ಎರಡು ದಿನ ರಜೆ ಹಾಕಿ, ರೆಕಾರ್ಡನ್ನೂ ಪ್ಲೇಯರನ್ನೂ ಹಿಡಿದುಕೊಂಡು ವಿಮಾನ ಹತ್ತಿದಳು. ಏನೂ ಹೇಳದೆ ಕೇಳಿಸಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡಿದ್ದಳು. ಮೊದಲೇ ಹೇಳಿಬಿಟ್ಟರೆ, ಮಗಳ ಆಸೆ ನೋಡಲಾರದೆ ಅಮ್ಮ ‘ಹೂಂ, ಅವರೇ’ ಎಂದುಬಿಟ್ಟಾರು ಎಂಬ ಭಯ. ಹೇಳದೆ ಕೇಳಿಸಿ, ಅವರೇ ಆಗಿದ್ದರೆ, ಎಪ್ಪತ್ತೆಂಟರ ಜೀವಕ್ಕೆ ಏನಾದರೂ ಆದೀತು ಎಂಬ ಭಯ. ಬ್ಯಾಗಿನಲ್ಲಿ ಬಿಪಿ ನೋಡುವ ಮೆಷಿನ್ ಕೂಡ ಇಟ್ಟುಕೊಂಡಿದ್ದಳು.

ಬೆಳಗಿನ ತಿಂಡಿಯಾದ ಮೇಲೆ ರೆಕಾರ್ಡು ಹಾಕಿದಳು. ನೀಲಕ್ಕನೂ ಕಾಫಿ ಲೋಟ ಹಿಡಿದುಕೊಂಡು ಬಂದು ಕುಳಿತಿದ್ದರು. ಗಿಟಾರು, ಡ್ರಮ್ಮು ಶುರುವಾದವು.

‘ಇದೇನವಾ, ಗಿರಣಿ ನಡದಂಗ ಐತಿ’ ಎಂದರು ನೀಲಕ್ಕ.

‘ನೀನ್ಯಾವಾಗ ಗಿರಣಿ ನೋಡಿದ್ದೆ? ಗಿರಣಿ ಇದಕ್ಕಿಂತ ಚಂದ ಸದ್ದು ಮಾಡ್ತಿತ್ತು’ ಎಂದರು ಅನುಸೂಯಮ್ಮ.

ಗದ್ದಲ ಇಳಿಯಿತು. ದನಿ ಬಂತು. ಶಾಲಿನಿ ಅಮ್ಮನ ಮುಖ ನೋಡುವ ಧೈರ್ಯವಿಲ್ಲದೆ ಕೈ ನೋಡುತ್ತಿದ್ದಳು. ಅನುಸೂಯಮ್ಮನ ಬಲಗೈಯ ಬೆರಳುಗಳು ಕುರ್ಚಿಯ ತೋಳಿನ ಮೇಲೆ ತಾಳ ಹಾಕತೊಡಗಿದವು. ಆರು ಮುಕ್ಕಾಲು, ಏಳು ಮುಕ್ಕಾಲು. ಹತ್ತಕ್ಕೆ ಬಂದು ದನಿ ನಿಂತಿತು.

‘ಯಾರವ್ವ ಈ ಹುಡುಗ?’ ಎಂದರು ಅನುಸೂಯಮ್ಮ. ‘ಗಡಿಬಿಡಿ ಬಾಳ. ಒಂಬತ್ತರ ಹತ್ರ ಉಸಿರು ನುಂಗ್ತಾನೆ. ನನ್ನ ಕ್ಲಾಸಿನಾಗೆ ಆಗಿದ್ರೆ ಬೆಂಚಿನ ಮ್ಯಾಲೆ ನಿಲ್ಲಿಸ್ತಿದ್ದೆ.’

‘ದನಿ ಕೇಳಿದ್ರೆ ಯಾರ ಥರ ಅನ್ಸುತ್ತಮ್ಮ?’

‘ಯಾರ ಥರ ಅನ್ನಿಸ್ಬೇಕು? ಮಗ್ಗಿ ಹೇಳೋವಾಗ ಎಲ್ರೂ ಒಂದೇ ಥರ.’

ಆಗ ಶಾಲಿನಿ ಹೇಳಿದಳು. ಓಲ್ಡಮ್, ಬಾಡಿಗೆ ಕೋಣೆ, ಕೈಗವಸು, ಎಲ್ಲ. ಹಾಡಿನ ಹೆಸರನ್ನೂ ಹೇಳಿದಳು. ಅನುಸೂಯಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

‘ಬ್ರಾಹ್ಮಿನ್ನಾ?’ ಎಂದರು ಕೊನೆಗೆ. ‘ಕೊರಳಾಗೆ ಲಿಂಗ ಇದ್ದೋರು ಅವ್ರು.’

‘ಬಿಳೇರಿಗೆ ಅದೆಲ್ಲಿ ತಿಳೀತೈತಿ, ಬಿಡ’ ಎಂದರು ನೀಲಕ್ಕ.

‘ಅಮ್ಮಾ, ಅಪ್ಪನ ದನಿ ಹೌದೋ ಅಲ್ವೋ?’

ಅನುಸೂಯಮ್ಮ ಕನ್ನಡಕ ಹಾಕಿಕೊಂಡು ಮಗಳನ್ನು ನೋಡಿದರು. ‘ನಂಗೆ ಅವರ ದನಿ ನೆನಪಿಲ್ಲವ್ವ, ಶಾಲೂ.’

ಹೇಳಿದ ರೀತಿ ಮಾರ್ಕೆಟ್ಟಿಗೆ ಹೋದಾಗ ಕೊತ್ತಂಬರಿ ತರಲು ಮರೆತೆ ಎಂಬಷ್ಟೇ ಸಾದಾ ಆಗಿತ್ತು. ಆಮೇಲೆ ಬಿಡಿಸಿ ಹೇಳಿದರು. ಆ ಮನೆಯಲ್ಲಿ ಅತ್ತೆ ಮಾವ, ಮೈದುನರು, ನಾದಿನಿಯರು, ಬಂದುಹೋಗುವವರು. ಹಗಲು ಹೊತ್ತು ಗಂಡನ ಜೊತೆ ಮಾತಾಡಿದರೆ ‘ನಾಚ್ಕಿ ಇಲ್ಲದೋಳು’ ಎಂಬ ಮಾತು. ಅವರಿಗೇನು ಬೇಕೋ ಅದನ್ನು ಅತ್ತೆಗೆ ಹೇಳುವರು, ಅತ್ತೆ ಸೊಸೆಗೆ ಹೇಳುವರು. ಕೋಣೆಯಲ್ಲಿ ಮಾತಾಡುತ್ತಿದ್ದರು, ನಿಜ. ಆದರೆ ಆಚೆ ಬದಿಯಲ್ಲಿ ಮಾವ ಮಲಗುವರು; ಗೋಡೆ ಅಟ್ಟದವರೆಗೂ ಇರಲಿಲ್ಲ.

‘ಏನು ಮಾತಾಡಿದ್ರೂ ಪಿಸುಪಿಸು. ಪಿಸುಮಾತು ನೆನಪೈತೆ. ಅವರು ಏನೇನು ಅಂದಿದ್ರು ಅಂತ ಸುಮಾರು ನೆನಪೈತೆ. ಪಿಸುಮಾತಿಗೆ ದನಿ ಎಲ್ಲಿರ್ತೈತೆ ಹೇಳು? ಪಡಸಾಲೆಯಾಗೆ ಗಂಡಸರ ಜೊತೆ ಗಟ್ಟಿಯಾಗಿ ಮಾತಾಡೋರು, ಒಳಗೆ ರೊಟ್ಟಿ ತಟ್ಟೋವಾಗ ಇವ್ರದ್ದು ಯಾವುದು ಅಂತ ಹೆಕ್ಕಿ ಕೇಳ್ತಿದ್ದೆ. ಈಗ ಎಲ್ಲಾ ಕಲಸಿ ಹೋಗೈತೆ.’

ನೀಲಕ್ಕ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದರು. ಅವರು ಬೇರೆಯವರ ಮನೆಯಲ್ಲಿ ಲೋಟ ತೊಳೆದದ್ದನ್ನು ಶಾಲಿನಿ ಅದೇ ಮೊದಲು ನೋಡಿದ್ದು.

ಮಧ್ಯಾಹ್ನ ಸಿಡ್ನಿಯಿಂದ ಸಾನ್ವಿಯ ಫೋನು. ಅಮ್ಮನ ದನಿ ಕೇಳಿಯೇ ಆದದ್ದು ತಿಳಿದುಕೊಂಡಳು. ಆದರೂ ಒಂದು ವಿಷಯ ಹೇಳಬೇಕಿತ್ತು. ಇಂಟರ್ನೆಟ್ಟಿನಲ್ಲಿ ಈ ತಂಡದ ಅಭಿಮಾನಿಗಳ ಒಂದು ಗುಂಪಿದೆ. ಅಲ್ಲಿ ಹೊಸ ರೆಕಾರ್ಡಿನ ಮೇಲೆ ಜಗಳ. ‘ದೇ ಕ್ಲೀನ್ಡ್ ಇಟ್ ಟೂ ಮಚ್, ಅಮ್ಮ. ಹಳೇದ್ರಲ್ಲಿ ಮಗ್ಗಿಗೆ ಮುಂಚೆ ಸುಮಾರು ಹೊತ್ತು ರೂಮಿನ ಸೌಂಡ್ ಇದೆಯಂತೆ. ಹೊಸದ್ರಲ್ಲಿ ಕಟ್ ಮಾಡಿದಾರೆ. ಹಳೇ ಕಾಪಿ ಇರೋರು ಮೆಲ್ಬರ್ನ್‌ನಲ್ಲೇ ಒಬ್ರಿದಾರೆ. ನಾನು ಮೆಸೇಜ್ ಮಾಡ್ದೆ. ನಾಳೆ ಬನ್ನಿ ಅಂದ್ರು. ಡೋಂಟ್ ಬಿ ಮ್ಯಾಡ್.’

ಶಾಲಿನಿಗೆ ಹೋಗುವ ಮನಸ್ಸಿರಲಿಲ್ಲ. ನೆನಪಿಲ್ಲ ಎಂದವರನ್ನು ಇನ್ನೊಮ್ಮೆ ಕೂರಿಸಿ ಕೇಳುವುದು ಹಿಂಸೆಯಲ್ಲವೇ ಎನ್ನಿಸಿತು. ಅನುಸೂಯಮ್ಮನೇ ಹೊರಟರು. ‘ನೀನು ಅಷ್ಟು ದೂರದಿಂದ ಬಂದೀಯ. ಟ್ರೈನಿನಾಗೆ ಹೋಗಿ ಬರಾಣ. ನೀಲಿ, ನೀನೂ ಬಾ, ಮನೆಯಾಗೆ ಕೂತು ಏನು ಕಡಿದು ಹಾಕ್ತೀಯ.’

ಮರುದಿನ ಗ್ಲೆನ್ ವೇವರ್ಲಿಯಿಂದ ರೈಲು, ಊರೊಳಗಿನಿಂದ ಟ್ರಾಮು, ನಾರ್ತ್‌ಕೋಟ್. ರೆಕಾರ್ಡಿನ ಯಜಮಾನ ಗ್ರಹಾಂ ನಿವೃತ್ತ ದಂತವೈದ್ಯ. ಇಡೀ ಮುಂದಿನ ಕೋಣೆ ರೆಕಾರ್ಡುಗಳಿಂದ ತುಂಬಿತ್ತು. ಮೂವರು ಹೆಂಗಸರನ್ನು, ಅದರಲ್ಲೂ ಸೀರೆಯ ಮೇಲೆ ಸ್ವೆಟರ್ ತೊಟ್ಟ ಇಬ್ಬರು ಅಜ್ಜಿಯರನ್ನು ಕಂಡು ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಟಿನ್ ಆರ್ಚರ್ಡ್ ಕೇಳಲು ಯಾರೂ ಅವನ ಮನೆಗೆ ಬಂದದ್ದೇ ಇಲ್ಲವಂತೆ. ಹೆಂಡತಿ ಆ ರೆಕಾರ್ಡು ಹಾಕಿದರೆ ಹಿತ್ತಲಿಗೆ ಹೋಗುತ್ತಾಳಂತೆ. ಅವನು ಕೈ ತೊಳೆದು ಬಂದ. ರೆಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿದು ತೆಗೆದ. ಮೆತ್ತನೆಯ ಬ್ರಷ್ಷಿನಿಂದ ಒರೆಸಿದ. ನೀಲಕ್ಕ ಹತ್ತಿರ ಹೋದಾಗ, ಬೇಡ ಬೇಡ ಎಂದು ಕೈ ಅಡ್ಡ ಹಿಡಿದ.

‘ಮಡಿ ನೋಡ, ಮಡಿ’ ಎಂದು ನೀಲಕ್ಕ ಗೆಳತಿಯ ಕಿವಿಯಲ್ಲಿ ಹೇಳಿದರು. ‘ನಮ್ಮ ಸೋದರತ್ತಿಗಿಂತ ಜೋರ ಅದಾನ.’ ಆಮೇಲೆ ಶಾಲಿನಿಯ ಕಡೆ ತಿರುಗಿ, ‘ನನ್ನ ದವಡಿ ಹಲ್ಲ ತೋರಿಸ್ಲೇನ ಇವಂಗ?’

‘ನೀಲಕ್ಕ ಆಂಟಿ, ಪ್ಲೀಸ್.’

ಗ್ರಹಾಂ ಮೂವರಿಗೂ ಕುರ್ಚಿ ಹಾಕಿದ. ಅನುಸೂಯಮ್ಮನದು ತೋಳಿಲ್ಲದ ಕುರ್ಚಿ. ಅವರ ಮಂಡಿ ನೋವು ಎಷ್ಟೆಂದರೆ ಏಳುವಾಗ ಏನಾದರೂ ಹಿಡಿದುಕೊಳ್ಳಬೇಕು. ಶಾಲಿನಿ ತನ್ನ ಕುರ್ಚಿ ಬದಲಿಸಿಕೊಡಲು ಹೋದಳು. ‘ಇರ್ಲಿ ಬಿಡು, ಏಳೋವಾಗ ನೋಡಾಣ’ ಎಂದರು.

ಗ್ರಹಾಂ ಮೊದಲಿನ ಗದ್ದಲ ಬಿಟ್ಟು ನೇರವಾಗಿ ಆ ಜಾಗಕ್ಕೇ ಸೂಜಿ ಇಳಿಸಿದ. ಎಣ್ಣೆ ಕಾಯುವಾಗಿನ ಚಿಟಿಚಿಟಿ. ದೂರದಲ್ಲೆಲ್ಲೋ ಟೀ ಕಪ್ಪು ಬಸಿಗೆ ತಾಗಿದ ಸದ್ದು. ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕ. ನೆಲದ ಹಲಗೆಯ ಮೇಲೆ ಹೆಜ್ಜೆ. ಬಾಗಿಲು ಕಿರುಗುಟ್ಟಿತು. ಆಮೇಲೆ ಒಂದು ಕೆಮ್ಮು. ನೆಗಡಿಯ ಕೆಮ್ಮಲ್ಲ, ಗಂಟಲು ಸರಿಮಾಡಿಕೊಳ್ಳುವಂಥದು. ಮೊದಲು ಗಿಡ್ಡದೊಂದು, ಸ್ವಲ್ಪ ತಡೆದು, ಎಳೆದು ಹೇಳಿದಂತೆ ಇನ್ನೊಂದು.

ಅನುಸೂಯಮ್ಮ ಎದ್ದು ನಿಂತಿದ್ದರು.

ಏನನ್ನೂ ಹಿಡಿದುಕೊಳ್ಳದೆ ಎದ್ದಿದ್ದರು. ಸೆರಗು ತಲೆಯ ಮೇಲೆ ಬಂದಿತ್ತು. ಎರಡು ಹೆಜ್ಜೆ ಸರಿದು, ಬಾಗಿಲಿಗೆ ದಾರಿ ಬಿಟ್ಟು, ರೆಕಾರ್ಡುಗಳ ಕಪಾಟಿಗೆ ಬೆನ್ನು ತಾಗಿಸಿ, ನೆಲ ನೋಡುತ್ತ ನಿಂತಿದ್ದರು.

ಗ್ರಹಾಂ ಗಾಬರಿಯಿಂದ, ಟಾಯ್ಲೆಟ್ ಎಡಗಡೆ ಎರಡನೇ ಬಾಗಿಲು ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. ನೀಲಕ್ಕನಿಗೆ ಅರ್ಥವಾಗಿತ್ತು. ಹುಟ್ಟಿ ಬೆಳೆದದ್ದು ಅಂಥದೇ ಮನೆಯಲ್ಲಿ. ಗಂಡಸರು ಪಡಸಾಲೆಯಿಂದ ನಡುಮನೆಗೆ ಬರುವ ಮುಂಚೆ ಕೆಮ್ಮುವರು. ಹೆಸರು ಹಿಡಿದು ಕರೆಯುವಂತಿಲ್ಲ, ‘ಬಂದೆ’ ಎನ್ನುವಂತಿಲ್ಲ. ಕೆಮ್ಮು ಕೇಳಿದರೆ ಒಳಗಿನ ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದು ಬದಿಗೆ ಸರಿಯುವರು. ಯಾರ ಕೆಮ್ಮು ಎಂದು ಯಾರೂ ತಿರುಗಿ ನೋಡುವುದಿಲ್ಲ. ನೋಡದೆಯೇ ಗೊತ್ತಾಗುತ್ತದೆ.

ತಂತಿಯ ನಾದ ಶುರುವಾಗಿ, ಅದರ ಮೇಲೆ ಮಗ್ಗಿ ಬಂತು. ಒಂದು ಮುಕ್ಕಾಲು ಮುಕ್ಕಾಲು. ಅನುಸೂಯಮ್ಮ ನಿಂತೇ ಕೇಳಿದರು. ಹತ್ತು ಮುಕ್ಕಾಲು ಏಳೂವರೆ ಆದ ಮೇಲೆ ತಲೆ ಎತ್ತಿ, ಪರರ ಮನೆಯಲ್ಲಿದ್ದೇನೆಂಬುದು ಆಗ ಹೊಳೆದವರಂತೆ ಸೆರಗು ಇಳಿಸಿದರು. ಮಂಡಿ ನೋವು ಆಗ ನೆನಪಾಗಿರಬೇಕು. ‘ಕೈ ಕೊಡೇ’ ಎಂದು ಮಗಳ ಕೈ ಹಿಡಿದು ಕುಳಿತರು.

‘ಅಮ್ಮಾ?’

‘ಬಂದ್ರು ಅಂತ ಎದ್ದೆ’ ಎಂದರು.

ಗ್ರಹಾಂ ಇನ್ನೊಮ್ಮೆ ಹಾಕಿದ. ಶಾಲಿನಿ ಅವನ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಎರಡನೆಯ ಸಲ ಅನುಸೂಯಮ್ಮ ಏಳಲಿಲ್ಲ. ಕಣ್ಣು ಮುಚ್ಚಿ ಕಷ್ಟಪಟ್ಟು ಕೇಳಿದರು, ಆಮೇಲೆ ತಲೆಯಾಡಿಸಿದರು. ಹೌದೆಂದೂ ಅಲ್ಲ, ಅಲ್ಲವೆಂದೂ ಅಲ್ಲ. ವಿಷಯ ತಿಳಿದ ಮೇಲೆ ಗ್ರಹಾಂ ಟೀ ಮಾಡಿ ತಂದ. ಜೊತೆಗೆ ತಂದ ಬಿಸ್ಕತ್ತಿನ ಡಬ್ಬಿಯ ಎದುರೇ ನೀಲಕ್ಕ ಬಾಯಿ ತೆರೆದು ದವಡೆ ಹಲ್ಲು ತೋರಿಸಿಬಿಟ್ಟರು. ಅವನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ಕೀಳಿಸಲೇಬೇಕು ಎಂದ.

ವಾಪಸು ಟ್ರಾಮಿನಲ್ಲಿ ತಾಯಿ ಮಗಳು ಅಕ್ಕಪಕ್ಕ ಕುಳಿತರು. ನೀಲಕ್ಕ ಹಿಂದಿನ ಸೀಟಿನಲ್ಲಿ, ಹಲ್ಲಿನ ದುಃಖದಲ್ಲಿ.

‘ಅವರೇ ಅಲ್ವೇನಮ್ಮ?’ ಶಾಲಿನಿ ಕೇಳಿದಳು. ಕೇಳಬಾರದೆಂದುಕೊಂಡೇ ಕೇಳಿದಳು.

‘ಕಾಲಿಗೆ ಗೊತ್ತಾತು. ತಲೆಗೆ ಗೊತ್ತಾಗಿಲ್ಲವ್ವ.’

‘ಕಾಲಿಗೆ ಗೊತ್ತಾದ್ರೆ ಸಾಲ್ದಾ?’

‘ನಿಮ್ಮ ತಾತನೂ ಹಂಗೇ ಕೆಮ್ಮೋರು. ಅವ್ರನ್ನ ನೋಡಿ ಇವ್ರು ಕಲ್ತಿದ್ದು. ಆ ಕೊಟ್ರೇಶಪ್ಪ ಅಂತ ಹೋಗಿದ್ನಲ್ಲ ಜೊತೆಗೆ, ಅವನು ದೂರದ ಸಂಬಂಧ, ನಮ್ಮನೆಯಾಗೆ ಉಂಡು ಬೆಳೆದೋನು. ಅವನೂ ನಡುಮನೆಗೆ ಬರೋವಾಗ ಕೆಮ್ಮೋನು. ಅವನು ಕೆಮ್ಮಿದ್ರೂ ಎದ್ದು ನಿಲ್ಬೇಕಿತ್ತು.’ ಅನುಸೂಯಮ್ಮ ಕಿಟಕಿಯ ಆಚೆ ನೋಡಿದರು. ‘ಹೌದು ಅಂತ ಹೇಳಿದ್ರೆ ನಿನಗೆ ಸಮಾಧಾನ ಆಗ್ತೈತೆ, ಅದು ನಂಗೆ ಗೊತ್ತು. ಆದ್ರೆ ಅದು ಕೊಟ್ರೇಶಿ ಆಗಿದ್ರೆ, ನೀನು ಸಾಯೋವರ್ಗೂ ಅವನ ದನೀನ ಅಪ್ಪ ಅನ್ಕಂತೀಯ. ಅವರಿಗೆ ಅನ್ಯಾಯ ಅಲ್ವಾ?’

ಶಾಲಿನಿಗೆ ಅಳು ಬಂತು. ತಡೆದುಕೊಂಡಳು, ಔಷಧಿ ಅಂಗಡಿಯಲ್ಲಿ ಕಲಿತ ವಿದ್ಯೆ. ತಾಯಿ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡರು.

‘ಒಂದು ಮಾತು ಹೇಳ್ಲಾ?’ ಎಂದರು. ‘ಅವರೇ ಆಗಿದ್ರೆ, ಇಷ್ಟು ಗಟ್ಟಿಯಾಗಿ, ನನ್ನ ಎದುರಿಗೇ ಅವರು ಮಾತಾಡಿದ್ದು ಈಗ್ಲೇ ಮೊದಲು. ನೀನೂ ಈಗ್ಲೇ ಕೇಳಿದ್ದು, ನಾನೂ ಈಗ್ಲೇ ಕೇಳಿದ್ದು. ನಿನಗಿಂತ ನಂಗೆ ಜಾಸ್ತಿ ಏನೂ ಗೊತ್ತಿರ್ಲಿಲ್ಲ, ನೋಡು.’

‘ಒಂಬತ್ತರ ಹತ್ರ ಉಸಿರು ನುಂಗ್ತಾರೆ’ ಎಂದಳು ಶಾಲಿನಿ, ಮೂಗು ಒರೆಸಿಕೊಳ್ಳುತ್ತ.

‘ನುಂಗ್ತಾರೆ. ಅವರಪ್ಪ ಸ್ಕೂಲಿಗೆ ಸರಿಯಾಗಿ ಕಳಿಸಿಲ್ಲ.’

ಹಿಂದಿನಿಂದ ನೀಲಕ್ಕ, ಇಬ್ಬರೂ ನಗುವುದನ್ನು ಕೇಳಿ, ‘ನನ್ನ ಹಲ್ಲಿಗೆ ನಗಾಕ್ಹತ್ತೀರೇನ?’ ಎಂದು ಸಿಟ್ಟಾದರು. ಅಲ್ಲವೆಂದು ಹೇಳಿದರೂ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಬರುವವರೆಗೂ ನಂಬಲಿಲ್ಲ.

ಸಿಡ್ನಿಗೆ ಮರಳಿ ಶಾಲಿನಿ ರೆಕಾರ್ಡಿನವರಿಗೆ ಬರೆಯಲು ಕುಳಿತಳು. ಮರಿಯಪ್ಪ ಎಂಬ ಹೆಸರನ್ನು ಟೈಪ್ ಮಾಡಿ ಅಳಿಸಿದಳು, ಮತ್ತೆ ಮಾಡಿ ಅಳಿಸಿದಳು. ಒಂದೇ ಒಂದು ‘ಬಹುಶಃ’ ಸೇರಿಸಿ ಹೆಸರು ಹಾಕಿಸಬಹುದಲ್ಲ ಎಂದು ಸುದರ್ಶನ್ ಹೇಳಿದ. ಸಾನ್ವಿಯಂತೂ, ‘ಜಸ್ಟ್ ಪುಟ್ ತಾತಾಸ್ ನೇಮ್, ಅಮ್ಮ. ಹೂ ವಿಲ್ ನೋ?’ ಎಂದಳು. ಶಾಲಿನಿ ಅಮ್ಮನಿಗೆ ಫೋನು ಮಾಡಿದಳು.

‘ಹೆಸರು ಬ್ಯಾಡ’ ಎಂದರು ಅನುಸೂಯಮ್ಮ. ‘ಅದು ಮಂತ್ರ ಅಲ್ಲ, ಮಗ್ಗಿ, ಕನ್ನಡದ್ದು, ದಾವಣಗೆರೆ ಕಡೆಯೋರು ಹೇಳಿದ್ದು ಅಂತ ಹಾಕಿಸು. ಅಷ್ಟು ನಮಗೆ ಗೊತ್ತು. ಮತ್ತೆ ಆ ಕೆಮ್ಮು ಯಾಕೆ ತೆಗೆದ್ರಿ ಅಂತ ಕೇಳು. ಕಸ ಅಂತ ತೆಗೆದ್ರಾ?’

ಹಾಗೆಯೇ ಬರೆದಳು. ಎರಡನೆಯ ಮುದ್ರಣ ಬಂದಿದೆ. ಹಾಡಿನ ಹೆಸರು ಬದಲಾಗಿಲ್ಲ. ಅದು ಹಾಗೇ ಇರಬೇಕಂತೆ. ಆದರೆ ವಿವರಣೆಯಲ್ಲಿ ಅಮ್ಮ ಹೇಳಿದ ಸಾಲು ಇದೆ. ಕೆಮ್ಮನ್ನೂ ಮೊದಲಿದ್ದ ಜಾಗಕ್ಕೆ ಸೇರಿಸಿದ್ದಾರೆ. ಒಂದು ಪ್ರತಿ ಗಿರಾವೀನ್‌ಗೂ ಒಂದು ಗ್ಲೆನ್ ವೇವರ್ಲಿಗೂ ಬಂತು. ಅನುಸೂಯಮ್ಮನ ಹತ್ತಿರ ಪ್ಲೇಯರ್ ಇಲ್ಲ; ಬೇಕೆಂದು ಕೇಳಿಯೂ ಇಲ್ಲ. ಶಾಲಿನಿ ಫೋನಿನಲ್ಲಿರುವುದನ್ನು ಕೆಲವು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಕಾರಿನಲ್ಲಿ ಕುಳಿತು ಕೇಳುತ್ತಾಳೆ, ಹತ್ತರವರೆಗೂ. ಅಪ್ಪ ಎಂದುಕೊಂಡು ಕೇಳುತ್ತೀಯಾ ಎಂದರೆ, ‘ಅನ್ಕೊಳ್ಳಲ್ಲ, ಅಲ್ಲ ಅಂತಾನೂ ಅನ್ಕೊಳ್ಳಲ್ಲ’ ಎನ್ನುತ್ತಾಳೆ.

ಆ ದನಿ ಮರಿಯಪ್ಪನವರದೋ ಕೊಟ್ರೇಶಪ್ಪನದೋ ಹಾಲಪ್ಪನದೋ ಗೊತ್ತಿಲ್ಲ. ವಚನ ಬಲ್ಲ ಊರಿನ ಮನುಷ್ಯ, ದೇವರ ಮಾತು ಕೇಳಿದರೆ ಮಗ್ಗಿ ಯಾಕೆ ಹೇಳಿದನೆಂಬುದೂ ಗೊತ್ತಿಲ್ಲ. ಇನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ.